ಜಗಳೂರು, ಎಂಟು ಹತ್ತು, ಪಾಲಣ್ಣ

ಷಣ್ಮುಖಪ್ಪನವರು ಇಪ್ಪತ್ತಮೂರು ಜನರ ಗುಟ್ಟನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದರು. ಡಬ್ಬಿಗೊಂದು ಪುಟ್ಟ ಬೀಗ, ಬೀಗದ ಕೈ ಉಡಿದಾರದಲ್ಲಿ. ಸ್ನಾನಕ್ಕೆ ಹೋದರೂ ಅದನ್ನು ಬಿಚ್ಚುತ್ತಿರಲಿಲ್ಲ. ಅವರ ಹೆಂಡತಿ ಕಸ್ತೂರಮ್ಮ, ನನ್ನ ತವರಿನ ಗುಟ್ಟು ಒಂದೂ ಇವರ ಹೊಟ್ಟೆಯಲ್ಲಿ ನಿಂತಿಲ್ಲ, ಊರವರ ಗುಟ್ಟಿಗೆ ಮಾತ್ರ ಬೀಗ ನೋಡಿ, ಎಂದು ಬಂದವರೆದುರು ಆಡಿಕೊಳ್ಳುತ್ತಿದ್ದರು. ಷಣ್ಮುಖಪ್ಪನವರು ನಗುತ್ತಿರಲಿಲ್ಲ. ಆ ಡಬ್ಬಿಯ ವಿಷಯದಲ್ಲಿ ಅವರಿಗೆ ತಮಾಷೆ ಹಿಡಿಸುತ್ತಿರಲಿಲ್ಲ.

ಹದಿನೆಂಟು ವರ್ಷ ಚನ್ನಗಿರಿಯಲ್ಲಿ ಟೈಪಿಂಗ್ ಕಲಿಸಿದವರು ಅವರು. ತಾಲ್ಲೂಕು ಕಚೇರಿಯ ಅರ್ಧ ಗುಮಾಸ್ತರ ಬೆರಳಿಗೆ ಅವರ ಮರದ ಪಟ್ಟಿಯ ರುಚಿ ಗೊತ್ತಿತ್ತು. ಎಂಬತ್ತೇಳರ ದೀಪಾವಳಿ ಕಳೆದ ಮೇಲೆ, ಕ್ಷಯ ರೋಗಿಗಳಿಗೆ ಪುಕ್ಕಟೆ ಔಷಧಿ ಕೊಡುವ ಟ್ರಸ್ಟೊಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ತನ್ನ ನಾಲ್ಕು ದವಾಖಾನೆಗಳಿಗೆ ಒಂದೊಂದು ಕಂಪ್ಯೂಟರ್ ತರಿಸಿತು. ನೋಡಿಕೊಳ್ಳಲು ಬೆರಳು ಪಳಗಿದವರೊಬ್ಬರು ಬೇಕಾಗಿತ್ತು. ಷಣ್ಮುಖಪ್ಪನವರಿಗೆ ಆಗ ನಲವತ್ತೊಂಬತ್ತು. ಬೆಂಗಳೂರಿನಿಂದ ಬಂದ ಎಂಜಿನಿಯರ್ ಹದಿನೈದು ದಿನ ಅವರಿಗೆ ಪಾಠ ಹೇಳಿ, ಕೋಣೆಗೆ ಪರದೆ ಕಟ್ಟಿಸಿ, ಚಪ್ಪಲಿ ಹೊರಗೆ ಬಿಡುವಂತೆ ಬೋರ್ಡು ಬರೆಸಿ ಹೋದ.

ಕೆಲಸ ಇಷ್ಟು. ಮನೆ ಮನೆಗೆ ಹೋಗಿ ರೋಗಿಗಳಿಗೆ ಗುಳಿಗೆ ನುಂಗಿಸಿ ಬರುವ ಕಾರ್ಯಕರ್ತರು ಪ್ರತಿಯೊಬ್ಬರಿಗೂ ಕಂಪ್ಯೂಟರಿನಲ್ಲಿ ಒಂದು ಹೆಸರು, ಒಂದು ಪಾಸ್‌ವರ್ಡ್. ಅವೆರಡನ್ನೂ ಒತ್ತಿ ಒಳಗೆ ಹೋಗಿ, ಹಿಂದಿನ ದಿನ ಯಾರು ಗುಳಿಗೆ ನುಂಗಿದರು, ಯಾರು ನುಂಗಲಿಲ್ಲ ಎಂದು ಬರೆಯಬೇಕು. ಮಧ್ಯಾಹ್ನ ಮೂರಕ್ಕೆ ಟೆಲಿಫೋನ್ ತಂತಿಯ ಮೇಲೆ ಚನ್ನಗಿರಿಯ ಯಂತ್ರ ಉಳಿದ ಮೂರನ್ನೂ ಕರೆದು ಅಲ್ಲಿನ ಬರಹವನ್ನೆಲ್ಲ ತರಿಸಿಕೊಂಡು ಉದ್ದನೆಯ ಕಾಗದದಲ್ಲಿ ಅಚ್ಚು ಹಾಕುತ್ತಿತ್ತು. ಯಾವ ಕಾರ್ಯಕರ್ತನ ಹೆಸರಿಗೆ ಎಷ್ಟು ಪೊಟ್ಟಣ ಔಷಧಿ ಕಳಿಸಬೇಕೆಂಬ ಪಟ್ಟಿಯೂ ಹದಿನೈದು ದಿನಕ್ಕೊಮ್ಮೆ ಅದರಲ್ಲೇ ಬರುತ್ತಿತ್ತು. ಆದರೆ ಪಾಸ್‌ವರ್ಡ್ ಮಾತ್ರ ತಂತಿಯ ಮೇಲೆ ಹೋಗಕೂಡದು ಎಂದು ಎಂಜಿನಿಯರ್ ಕಟ್ಟುನಿಟ್ಟು ಮಾಡಿದ್ದ. ಯಾರಾದರೂ ಹೊಸಬರು ಬಂದರೆ, ಯಾರಾದರೂ ಬಿಟ್ಟು ಹೋದರೆ, ಯಾರಾದರೂ ತಮ್ಮ ಪಾಸ್‌ವರ್ಡನ್ನೇ ಮರೆತು ಕೂತರೆ, ಷಣ್ಮುಖಪ್ಪನವರು ಪಟ್ಟಿ ತಿದ್ದಿ, ಫ್ಲಾಪಿಗೆ ತುಂಬಿ, ಡಬ್ಬಿಯಲ್ಲಿಟ್ಟುಕೊಂಡು ತಿಂಗಳಿಗೊಮ್ಮೆ ನಾಲ್ಕೂ ಊರು ಸುತ್ತಿ ನಾಲ್ಕೂ ಯಂತ್ರಗಳಲ್ಲಿ ಕಾರ್ಯಕರ್ತರ, ರೋಗಿಗಳ ಪಟ್ಟಿಯನ್ನು ಒಂದೇ ಸಮ ಮಾಡಿ ಬರಬೇಕಿತ್ತು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಒಳಗೆ ಹೋಗದಂತೆ ನೋಡಿಕೊಳ್ಳುತ್ತೇನೆ, ಹೋದರೆ ನಾನೇ ಹೊಣೆ, ಕೆಲಸ ಬಿಡಲು ಸಿದ್ಧ ಎಂದು ಅವರು ಟ್ರಸ್ಟಿಗೆ ಸಹಿ ಹಾಕಿಕೊಟ್ಟಿದ್ದರು.

ಶುರುವಿನಲ್ಲೇ ಒಂದು ಎಡವಟ್ಟಾಯಿತು. ಎಂದೂ ಮರೆಯದಂಥ ಮಾತನ್ನು ಪಾಸ್‌ವರ್ಡ್ ಮಾಡಿಕೊಳ್ಳಿ ಎಂದು ಅವರು ಎಲ್ಲರಿಗೂ ಹೇಳಿದ್ದರು. ಈ ಸೀಮೆಯ ಜನ ಎಂದೂ ಮರೆಯದ ಮಾತು ಯಾವುದು? ಮನೆದೇವರ ಹೆಸರು. ಇಪ್ಪತ್ತಮೂರು ಜನರೂ ಮನೆದೇವರನ್ನೇ ಇಟ್ಟುಕೊಂಡರು. ಒಂಬತ್ತು ಜನರದ್ದು ವೀರಭದ್ರ, ಐವರದ್ದು ಮೈಲಾರಲಿಂಗ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ನಿಮ್ಮೂರು ಯಾವುದು ಅಂತ ಕೇಳಿದ ಮೇಲೆ ಎರಡನೆಯದಾಗಿ ಕೇಳುವುದೇ ಮನೆದೇವರು ಯಾವುದು ಅಂತ. ಅದನ್ನು ಗುಟ್ಟು ಅಂತ ಬಚ್ಚಿಟ್ಟುಕೊಂಡವರನ್ನು ಏನನ್ನಬೇಕು? ಷಣ್ಮುಖಪ್ಪನವರು ತಲೆ ಚಚ್ಚಿಕೊಂಡು ಒಬ್ಬೊಬ್ಬರನ್ನೇ ಕೂರಿಸಿ ಬದಲಾಯಿಸಿದರು. ಜಗಳೂರಿನ ಪಾಲಣ್ಣ ಒಬ್ಬ ಬದಲಾಯಿಸಲಿಲ್ಲ.

ಪಾಲಣ್ಣ ಸೈಕಲ್ ತುಳಿದು ತುಳಿದು ಒಣಗಿದ ಆಳು. ವಯಸ್ಸು ಮೂವತ್ತೈದರ ಆಚೀಚೆ. ಗುಡ್ಡದ ಕಡೆಯ ಹಟ್ಟಿಗಳ ಒಂಬತ್ತು ರೋಗಿಗಳು ಅವನ ಪಾಲಿಗಿದ್ದರು. ಗದರಿಸಿದರೂ ಅವನು ತಣ್ಣಗೆ ಹೇಳಿದ್ದ. "ಬದಲಾಯ್ಸಾಕೆ ಬರ್ತೈತ್ರಿ, ಆದ್ರೆ ಬ್ಯಾಡ. ಉಚ್ಚಂಗೆಮ್ಮನ ಹೆಸ್ರು ಒತ್ತಿ ಒಳಗೆ ಹೋದ್ಮ್ಯಾಲೆ, ಕೊಡದ ಗುಳಿಗೆ ಕೊಟ್ಟೀನಿ ಅಂತ ಬರೆಯಾಕೆ ಬೆರಳು ಏಳಲ್ರಿ." ಮನೆಯಲ್ಲೇ ಕೂತು ಸುಳ್ಳು ಗುರುತು ಹಾಕುವ ಕಾರ್ಯಕರ್ತರನ್ನು ಷಣ್ಮುಖಪ್ಪನವರು ಕಂಡಿದ್ದರು. ಪಾಲಣ್ಣನ ಉಚ್ಚಂಗೆಮ್ಮ ಹಾಗೇ ಉಳಿದಳು.

ಎಂಬತ್ತೆಂಟರ ಮೇ ತಿಂಗಳ ಕೊನೆಯ ಒಂದು ದಿನ ಪಾಲಣ್ಣ ಹೇಳದೆ ಕೇಳದೆ ಚನ್ನಗಿರಿಗೆ ಬಂದ. ಕಾಮಾಲೆಯಾಗಿ ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ತ್ಯಾವಣಿಗೆ ಮೇಲೆ ಚನ್ನಗಿರಿ, ಎರಡು ಬಸ್ಸು ಬದಲಾಯಿಸಿ ಬರುವಷ್ಟರಲ್ಲಿ ಅವನು ಸೋತು ಹೋಗಿದ್ದ. ಹನ್ನೊಂದಕ್ಕೆ ಬಂದವನು ಕಂಪ್ಯೂಟರ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತ. ಒಳಗೆ ಷಣ್ಮುಖಪ್ಪನವರು ಕದ ಹಾಕಿಕೊಂಡು ತಿಂಗಳ ಪಟ್ಟಿ ತಿದ್ದುತ್ತಿದ್ದರು. ಪಟ್ಟಿ ತೆರೆದಿರುವಾಗ ದೇವರು ಬಂದರೂ ಕದ ತೆಗೆಯುವವರಲ್ಲ. ಪಾಲಣ್ಣ ಎರಡು ಸಲ ಕದ ಬಡಿದ. ಒಂದು ಮಾತು ಕೇಳಾಕೆ ಬಂದೀನ್ರಿ ಎಂದ. ಏನಿದ್ದರೂ ಅರ್ಜಿ ಬರೆದು ಕಳಿಸಪ್ಪ ಎಂದು ಇವರು ಒಳಗಿನಿಂದಲೇ ಕೂಗಿದರು. ಎರಡು ಗಂಟೆಗೆ ಕದ ತೆಗೆದಾಗ ಬೆಂಚು ಖಾಲಿ ಇತ್ತು. ಬಸ್ಸಿಗೆ ಹೊತ್ತಾಯಿತೆಂದು ಹೋಗಿರಬೇಕು ಅಂದುಕೊಂಡು ಊಟಕ್ಕೆ ನಡೆದರು.

ಹತ್ತು ದಿನಕ್ಕೆ ಪಾಲಣ್ಣ ತೀರಿಕೊಂಡ ಸುದ್ದಿ ಬಂತು. ಷಣ್ಮುಖಪ್ಪನವರು ಹೊರಗೆ ಬಂದು ಬೆಂಚಿನ ಎದುರು ನಿಂತರು. ಏನು ಕೇಳಲು ಬಂದಿದ್ದ? ರಜೆಯೋ, ಔಷಧಿಯೋ, ದೊಡ್ಡಾಸ್ಪತ್ರೆಗೆ ಒಂದು ಚೀಟಿಯೋ. ಏನಾಗಿದ್ದರೂ ಐದು ನಿಮಿಷದ ಮಾತು. ಸತ್ತವನ ಹೆಸರನ್ನು ಯಂತ್ರದಿಂದ ತೆಗೆಯಬೇಕಾದ್ದು ಅವರ ಕೆಲಸ. ಹನ್ನೊಂದು ದಿನ ಕಳೆಯುವ ಮುಂಚೆ ಸತ್ತವರ ಹೆಸರು ಹೊಡೆದು ಹಾಕಬಾರದೆಂದು ಅವರ ತಾಯಿ ಹೇಳುತ್ತಿದ್ದರು. ಸರಿ, ಮುಂದಿನ ಸುತ್ತಿಗೆ ತೆಗೆದರಾಯಿತು ಎಂದು ಸುಮ್ಮನಾದರು.

ನಾಲ್ಕನೆಯ ದಿನ ಮಧ್ಯಾಹ್ನ ಮೂರಕ್ಕೆ ಅಚ್ಚಾಗಿ ಬಂದ ಕಾಗದದಲ್ಲಿ ಜಗಳೂರಿನ ಸಾಲುಗಳ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಪಾಲಣ್ಣ ಎಂದಿತ್ತು. ಒಳಗೆ ಬಂದ ವೇಳೆ ಬೆಳಿಗ್ಗೆ ಎಂಟು ಹತ್ತು.

ಹಳೆಯ ಬರಹ ತಂತಿಯಲ್ಲಿ ಸಿಕ್ಕಿಕೊಂಡಿದ್ದು ಈಗ ಬಂದಿರಬೇಕು ಎಂದು ಮೊದಲು ಅಂದುಕೊಂಡರು. ತಾರೀಖು ನೋಡಿದರು. ಅವತ್ತಿನದೇ. ಕೆಳಗೆ ರೋಗಿಗಳ ಹೆಸರು. ಗಾದ್ರಪ್ಪ, ನುಂಗಿದ. ಉಡಚಮ್ಮ, ನುಂಗಿದಳು. ಶಂಕ್ರಮ್ಮ, ವಾಂತಿ ಆಯಿತು, ಮತ್ತೆ ಕೊಟ್ಟಿದೆ. ಮಾರನೆಯ ದಿನವೂ ಬಂತು, ಎಂಟು ಹತ್ತಕ್ಕೇ. ಅದರ ಮಾರನೆಯ ದಿನ ಎಂಟು ಹನ್ನೆರಡು. ವಾಂತಿ ಮಾಡಿಕೊಂಡವಳಿಗೆ ಮತ್ತೆ ಗುಳಿಗೆ ಕೊಡುವ ದೆವ್ವದ ಕತೆಯನ್ನು ಅವರು ಯಾರಿಂದಲೂ ಕೇಳಿರಲಿಲ್ಲ.

ವಾರದಲ್ಲಿ ಎರಡು ದಿನ ಜಗಳೂರಿಗೆ ಬರುವ ಡಾಕ್ಟರ್ ಮಲ್ಲೇಶಪ್ಪನವರಿಗೆ ಟ್ರಂಕಾಲ್ ಮಾಡಿದರು. ಬೆಳಿಗ್ಗೆ ಎಂಟಕ್ಕೆ ಅಲ್ಲಿ ಯಾರಿರುತ್ತಾರೆ ಎಂದು ಬಳಸಿ ಕೇಳಿದರು. ದವಾಖಾನೆ ತೆಗೆಯುವುದೇ ಹತ್ತಕ್ಕೆ, ಅಷ್ಟು ಬೇಗ ಯಾರೂ ಇರುವುದಿಲ್ಲ, ಕಸ ಗುಡಿಸುವ ಹೆಂಗಸು ಬಂದು ಹೋಗುತ್ತಾಳೆ ಅಷ್ಟೇ, ಎಂದರು ಡಾಕ್ಟರು. ಷಣ್ಮುಖಪ್ಪನವರು ಫೋನ್ ಇಟ್ಟರು. ಯಾರೂ ಇರುವುದಿಲ್ಲ ಎಂಬುದು ಅವರ ಕಿವಿಗೆ ಬಿತ್ತು. ಕಸ ಗುಡಿಸುವ ಹೆಂಗಸು ಎಂಬುದು ಬೀಳಲಿಲ್ಲ.

ಕಳ್ಳತನವಿರಬಹುದೇ ಎಂದು ಅವರು ಯೋಚಿಸದೆ ಇರಲಿಲ್ಲ. ಜಗಳೂರಿನಲ್ಲಿ ಇನ್ನಿಬ್ಬರು ಕಾರ್ಯಕರ್ತರಿದ್ದರು. ಆದರೆ ಅವರು ಪಾಲಣ್ಣನ ರೋಗಿಗಳನ್ನು ನೋಡಿಕೊಂಡಿದ್ದರೆ ತಮ್ಮ ಹೆಸರಿನಲ್ಲೇ ಬರೆದು ಶಭಾಷ್ ಅನ್ನಿಸಿಕೊಳ್ಳುತ್ತಿದ್ದರು. ಬಿಸಿಲಲ್ಲಿ ತಾನು ನಡೆದು ಕೆಲಸವನ್ನು ಇನ್ನೊಬ್ಬರ ಹೆಸರಿಗೆ ಬರೆಯುವ ಪ್ರಾಣಿಯನ್ನು ಷಣ್ಮುಖಪ್ಪನವರು ಕಂಡಿರಲಿಲ್ಲ. ಕಂಡಿರಲಿಲ್ಲ ಅಂದರೆ ತಪ್ಪು. ಮನೆಯಲ್ಲಿ ದಿನಾ ಕಾಣುತ್ತಿದ್ದರು, ಹೆಂಗಸಾದ್ದರಿಂದ ಗಣನೆಗೆ ಹಿಡಿದಿರಲಿಲ್ಲ. ಅಲ್ಲದೆ ದೆವ್ವ ಅಂದುಕೊಳ್ಳುವುದರಲ್ಲಿ ಅವರಿಗೊಂದು ಅನುಕೂಲವೂ ಇತ್ತು. ಬದುಕಿರುವವರು ಯಾರೋ ಪಾಲಣ್ಣನ ಹೆಸರಿನಲ್ಲಿ ಒಳಗೆ ಹೋಗುತ್ತಿದ್ದಾರೆ ಎಂದಾದರೆ ಟ್ರಸ್ಟಿಗೆ ತಿಳಿಸಬೇಕು, ತಿಳಿಸಿದರೆ ಸಹಿ ಹಾಕಿಕೊಟ್ಟ ಕಾಗದ ಹೊರಗೆ ಬರುತ್ತದೆ, ಕೆಲಸ ಹೋಗುತ್ತದೆ. ಸತ್ತವನೇ ಬರುತ್ತಿದ್ದರೆ ಯಾರಿಗೂ ಏನೂ ತಿಳಿಸಬೇಕಾಗಿಲ್ಲ.

ಹೆದರಿಕೆಯಂತೂ ಸುಳ್ಳಲ್ಲ. ಮೂರು ಗಂಟೆ ಹತ್ತಿರ ಬಂದರೆ ಅಂಗೈ ಬೆವರುತ್ತಿತ್ತು. ಅಚ್ಚಿನ ಯಂತ್ರ ಕರಕರ ಶುರುಮಾಡಿದರೆ ಕೋಣೆಯಿಂದ ಎದ್ದು ಹೊರಗೆ ಹೋಗುತ್ತಿದ್ದರು, ಅಲ್ಲಿ ಆ ಬೆಂಚು. ಬೆಂಚನ್ನು ಹಿತ್ತಲಿಗೆ ಹಾಕಿಸಿದರು. ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯುವುದನ್ನು ನೋಡಿ ಕಸ್ತೂರಮ್ಮ ಕೇಳಿದಾಗ ಪಿತ್ತ ಅಂದರು. ಪಾಲಣ್ಣ ಏನೋ ಕೇಳಲು ಬಂದಿದ್ದ, ತಾನು ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಳ್ಳುವವರೆಗೆ ಅವನು ಬರುತ್ತಲೇ ಇರುತ್ತಾನೆ. ಇದು ಅವರ ಮನಸ್ಸಿನಲ್ಲಿ ಗಟ್ಟಿಯಾಯಿತು. ಪರಿಹಾರ ಅವರ ಡಬ್ಬಿಯಲ್ಲೇ ಇತ್ತು. ಹೆಸರೇ ಇಲ್ಲದಿದ್ದರೆ ಬರುವುದಾದರೂ ಯಾವ ದಾರಿಯಿಂದ?

ಹನ್ನೊಂದು ದಿನ ಕಳೆದ ಮಾರನೆಯ ಬೆಳಿಗ್ಗೆ ಚನ್ನಗಿರಿಯ ಯಂತ್ರದಲ್ಲಿ ಪಾಲಣ್ಣನ ಹೆಸರು ತೆಗೆದರು. ಅವತ್ತೇ ಹೊನ್ನಾಳಿಗೆ, ನ್ಯಾಮತಿಗೆ ಹೋಗಿ ಅಲ್ಲಿಯೂ ತೆಗೆದರು. ಮರುದಿನ ಜಗಳೂರು. ದವಾಖಾನೆಯಲ್ಲಿ ಕಸ ಗುಡಿಸುವ ಹೆಂಗಸು ಒಬ್ಬಳೇ ಇದ್ದಳು. ಪ್ರತಿ ಸಲವೂ ಅವರ ಮುಂದೆ ಚಹಾ ತಂದಿಡುತ್ತಿದ್ದವಳು ಅವಳೇ. ಅವಳ ಹೆಸರನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ಅವಳ ಹಣೆ, ಕೈ ಬೋಳಾಗಿರುವುದನ್ನು ಅವತ್ತೂ ಗಮನಿಸಲಿಲ್ಲ.

ಯಂತ್ರದ ಮುಂದೆ ಕೂತು ಡಬ್ಬಿ ತೆಗೆದಾಗ ಅವಳು ಪೊರಕೆ ಹಿಡಿದು ಬಾಗಿಲಲ್ಲಿ ನಿಂತು, ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಸತ್ತವರ ಹೆಸರು ತೆಗೆಯುತ್ತಿದ್ದೇನೆ ಎಂದರು ಇವರು, ತಿರುಗಿ ನೋಡದೆ.

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ, "ಅವ್ರು ನೋಡ್ತಿದ್ದ ಜನ ಏನಾಗ್ತಾರ್ರೀ?" ಎಂದಳು.

ಅದು ಡಾಕ್ಟರಿಗೆ ಬಿಟ್ಟ ವಿಷಯ, ನಿನ್ನ ಕೆಲಸ ನೀನು ನೋಡಿಕೊ ತಾಯಿ, ಎಂದು ಷಣ್ಮುಖಪ್ಪನವರು ಕೊನೆಯ ಗುಂಡಿ ಒತ್ತಿದರು. ಪಾಲಣ್ಣ ಹೋದ. ಬಸ್ಸಿನಲ್ಲಿ ಅವರಿಗೆ ಒಳ್ಳೆಯ ನಿದ್ದೆ ಬಂತು, ತ್ಯಾವಣಿಗೆಯಲ್ಲಿ ಪಕ್ಕದವನು ತಲೆ ಸರಿಸುವವರೆಗೂ ಎಚ್ಚರವಾಗಲಿಲ್ಲ.

ಒಂದು ತಿಂಗಳು ಮೂರು ಗಂಟೆಯ ಕಾಗದ ಶುದ್ಧವಾಗಿ ಬಂತು. ಅವರು ಊಟ ಮಾಡಿದರು, ಕಸ್ತೂರಮ್ಮನ ತವರಿನ ಗುಟ್ಟೊಂದನ್ನು ಪಕ್ಕದ ಮನೆಯವರಿಗೆ ಹೇಳಿ ಬೈಸಿಕೊಂಡರು, ಬೆಂಚನ್ನು ಮತ್ತೆ ಕೋಣೆಯ ಹೊರಗೆ ತಂದು ಹಾಕಿಸಿದರು. ಪೊಟ್ಟಣದ ಪಟ್ಟಿಯಿಂದ ಏನು ಮಾಯವಾಗಿದೆ ಎಂದು ಮಾತ್ರ ನೋಡಲಿಲ್ಲ. ಪಟ್ಟಿ ಅಚ್ಚಾಗುತ್ತಿದ್ದುದು ಕಾರ್ಯಕರ್ತರ ಹೆಸರಿನ ಮೇಲೆ. ಪಾಲಣ್ಣನ ಹೆಸರು ಹೋದ ಮೇಲೆ ಅವನ ಒಂಬತ್ತು ರೋಗಿಗಳು ಯಂತ್ರದೊಳಗೇ ಇದ್ದರು, ಆದರೆ ಯಾರ ಕೆಳಗೂ ಇರಲಿಲ್ಲ. ಯಾರ ಕೆಳಗೂ ಇಲ್ಲದವರಿಗೆ ಪೊಟ್ಟಣ ಕಟ್ಟಿ ಎಂದು ಯಂತ್ರ ಹೇಳುವುದಿಲ್ಲ.

ಜುಲೈ ಕೊನೆಯಲ್ಲಿ ಕಾಗದದ ಅಡಿಯಲ್ಲಿ ಒಂದು ಸಾಲು ಬಂತು. ತುರ್ತಿಗಿರಲಿ ಎಂದು, ಪಾಸ್‌ವರ್ಡ್ ಇಲ್ಲದೆಯೂ ಯಾರು ಬೇಕಾದರೂ ಸುದ್ದಿ ಕಳಿಸುವ ಏರ್ಪಾಟನ್ನು ಷಣ್ಮುಖಪ್ಪನವರೇ ನಾಲ್ಕೂ ಯಂತ್ರಗಳಲ್ಲಿ ಮಾಡಿದ್ದರು. ಸುದ್ದಿಯ ಜೊತೆ ಕಳಿಸಿದವರ ಹೆಸರು ಬರುತ್ತಿರಲಿಲ್ಲ. ಊರು, ವೇಳೆ ಮಾತ್ರ. ಜಗಳೂರು, ಎಂಟು ಹತ್ತು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ತಡವರಿಸುವ ಕನ್ನಡ: "ಪಾಲಣ್ಣನ ಪೊಟ್ಟಣ ಕಳಿಸ್ರಿ."

ಷಣ್ಮುಖಪ್ಪನವರು ಕಾಗದವನ್ನು ಹರಿದು ಅಂಗಿ ಜೇಬಿಗೆ ಹಾಕಿಕೊಂಡರು. ಮನೆಗೆ ಹೋಗಿ ಒಲೆಗೆ ಹಾಕಿದರು. ನಾಲ್ಕು ದಿನಕ್ಕೆ ಮತ್ತೆ ಬಂತು: "ಪಾಲಣ್ಣನ ಪೊಟ್ಟಣ ಬಂದಿಲ್ಲ. ಶಂಕ್ರಮ್ಮಗೆ ಗುಳಿಗೆ ಇಲ್ಲ." ಅದನ್ನೂ ಸುಟ್ಟರು. ಹಣೆಗೆ, ತೋಳಿಗೆ ವಿಭೂತಿ ಹಚ್ಚಿಕೊಂಡು ಕೋಣೆಗೆ ಬಂದು, ಯಂತ್ರದ ತಲೆಯ ಮೇಲೂ ಮೂರು ಬೆರಳು ಎಳೆದರು. ಹೆಸರು ತೆಗೆದರೂ ಬಿಡಲಿಲ್ಲವಲ್ಲ, ಈಗ ಬೇರೆ ದಾರಿ ಹುಡುಕಿಕೊಂಡನಲ್ಲ, ಎಂದು ಅವರಿಗೆ ಅಳುವೇ ಬಂತು. ಆಗಸ್ಟ್ ಎರಡನೇ ವಾರ ಮೂರನೆಯ ಸುದ್ದಿ: "ಶಂಕ್ರಮ್ಮ ರಕ್ತ ಕಾರ್ತಾಳೆ. ಅವತ್ತು ಅಷ್ಟು ದೂರ ಬಂದ್ರೆ ಕದ ತೆಗೀಲಿಲ್ಲ ನೀವು."

ಆ ಕದದ ವಿಷಯ ಗೊತ್ತಿದ್ದುದು ಇಬ್ಬರಿಗೆ. ಒಬ್ಬರು ಇಲ್ಲಿ ಕೂತಿದ್ದಾರೆ, ಇನ್ನೊಬ್ಬನನ್ನು ಮಣ್ಣು ಮಾಡಿಯಾಗಿದೆ. ಸಾಯುವವನು ಮನೆಗೆ ಹೋಗಿ ಹೆಂಡತಿಗೆ ಹೇಳಿರುತ್ತಾನೆ ಎಂಬ ಸಣ್ಣ ಮಾತು ಆ ಹೆದರಿದ ತಲೆಯೊಳಗೆ ಹೋಗಲಿಲ್ಲ. ಷಣ್ಮುಖಪ್ಪನವರು ಅದನ್ನೂ ಒಲೆಗೆ ಹಾಕಿ ಬಂದು ಯಂತ್ರದ ಮುಂದೆ ಕೂತು, ಜಗಳೂರಿನ ಸುದ್ದಿ ಚನ್ನಗಿರಿಯಲ್ಲಿ ಅಚ್ಚಾಗದ ಹಾಗೆ ಕಟ್ಟು ಹಾಕಿದರು. ಮುಂದಿನ ಎರಡು ತಿಂಗಳು ಸೊಂಟ ನೋವಿನ ನೆಪ ಹೇಳಿ ಹೊನ್ನಾಳಿ, ನ್ಯಾಮತಿಗಷ್ಟೇ ಹೋಗಿ ಬಂದರು. ಜಗಳೂರಿನ ಕಡೆ ತಲೆ ಹಾಕಲಿಲ್ಲ.

ನವೆಂಬರಿನಲ್ಲಿ ಟ್ರಸ್ಟಿನವರು ಬಿಡಲಿಲ್ಲ. ಜಗಳೂರಿಗೆ ಹೊಸ ಕಾರ್ಯಕರ್ತನೊಬ್ಬ ಬರುವುದಿತ್ತು, ಹೆಸರು ಹಾಕಲೇಬೇಕು. ಷಣ್ಮುಖಪ್ಪನವರು ಹೊರಟರು. ಹತ್ತಕ್ಕೆ ಮುಂಚೆ ಆ ಕೋಣೆಗೆ ಕಾಲಿಡುವುದಿಲ್ಲ ಎಂದುಕೊಂಡಿದ್ದರು, ಆದರೆ ದಾವಣಗೆರೆಯಲ್ಲಿ ಬಸ್ಸು ಬೇಗ ಸಿಕ್ಕಿ ಎಂಟಕ್ಕೇ ತಲುಪಿಬಿಟ್ಟರು. ದವಾಖಾನೆಯ ಬಾಗಿಲು ತೆರೆದಿತ್ತು. ಒಳಗೆ ಗುಂಡಿ ಒತ್ತುವ ಸದ್ದು. ಒಂದು, ತಡೆದು ಇನ್ನೊಂದು, ತಡೆದು ಮತ್ತೊಂದು. ಹದಿನೆಂಟು ವರ್ಷ ಟೈಪಿಂಗ್ ಕಲಿಸಿದವರಿಗೆ ಆ ಸದ್ದು ಯಾವುದೆಂದು ಗೊತ್ತಾಗುತ್ತದೆ. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುವ ಹೊಸಬರ ಸದ್ದು ಅದು. ದೆವ್ವವಾದರೆ ಅಷ್ಟು ಕಷ್ಟಪಡಬೇಕಾಗಿಲ್ಲ.

ಪರದೆ ಸರಿಸಿದರು. ಕಸ ಗುಡಿಸುವ ಹೆಂಗಸು ಕೂತಿದ್ದಳು. ಪೊರಕೆ ಗೋಡೆಗೆ ಒರಗಿತ್ತು, ಚಪ್ಪಲಿ ಹೊರಗೆ ಬಿಟ್ಟಿದ್ದಳು. ಯಂತ್ರದ ಪರದೆಯ ಮೇಲಿದ್ದ ಹಸಿರು ಅಕ್ಷರಗಳನ್ನು ಇವರು ಓದಿದರು. ಉಡಚಮ್ಮನಿಗಾದರೂ ಕಳಿಸ್ರಿ ಎಂದಿತ್ತು. ಮೂರು ತಿಂಗಳಿಂದ ಅವಳು ಅಚ್ಚಾಗದ ಸುದ್ದಿಗಳನ್ನು ಕಳಿಸುತ್ತಲೇ ಇದ್ದಳು.

ಅವಳು ಎದ್ದು ನಿಂತಳು. ಹೆದರಲಿಲ್ಲ. ಹೆದರುವ ಕಾಲ ಅವಳಿಗೆ ಮುಗಿದು ಹೋಗಿತ್ತು. ಅವಳ ಹೆಸರು ದುರುಗಮ್ಮ, ಪಾಲಣ್ಣನ ಹೆಂಡತಿ ಎಂದು ಷಣ್ಮುಖಪ್ಪನವರಿಗೆ ಅವತ್ತು ಗೊತ್ತಾಯಿತು. ನಾಲ್ಕನೇ ಇಯತ್ತೆವರೆಗೆ ಓದಿದ್ದಳು, ಇಂಗ್ಲಿಷ್ ಅಕ್ಷರ ಗಂಡ ಕಲಿಸಿದ್ದ. ಕಾಮಾಲೆ ಹಿಡಿದು ಅವನು ಹಾಸಿಗೆಗೆ ಬಿದ್ದಾಗಿನಿಂದ ಹಟ್ಟಿಗಳಿಗೆ ಇವಳೇ ನಡೆದು ಹೋಗಿ ಗುಳಿಗೆ ನುಂಗಿಸುತ್ತಿದ್ದಳು. ಸತ್ತ ಮೇಲೂ ನಿಲ್ಲಿಸಲಿಲ್ಲ, ನಿಲ್ಲಿಸಲು ಯಾರೂ ಹೇಳಲಿಲ್ಲ, ರೋಗಿಗಳು ದಾರಿ ಕಾಯುತ್ತಿದ್ದರು. ಪೊಟ್ಟಣ ನಿಂತ ಮೇಲೆ ಡಾಕ್ಟರಿಗೆ ಎರಡು ಸಲ ಹೇಳಿದಳು. ಚನ್ನಗಿರಿಯಿಂದ ಬರುತ್ತದೆ, ತಡಿ ಎಂದರು ಅವರು. ರಸ್ತೆ ಬದಿಯ ಆರು ಜನರನ್ನು ಉಳಿದಿಬ್ಬರು ಕಾರ್ಯಕರ್ತರ ಕಾಲು ಹಿಡಿದು ಅವರ ಪಟ್ಟಿಗೆ ಸೇರಿಸಿದಳು. ಗುಡ್ಡದ ಹಟ್ಟಿಯ ಮೂವರನ್ನು, ಅಷ್ಟು ದೂರ ಆಗುವುದಿಲ್ಲವೆಂದು, ಅವರು ಸೇರಿಸಿಕೊಳ್ಳಲಿಲ್ಲ.

"ಆ ಮೂವರು?" ಎಂದರು ಷಣ್ಮುಖಪ್ಪನವರು.

"ಗಾದ್ರಪ್ಪ ಕೆಲ್ಸ ಹುಡುಕ್ಕೊಂಡು ಹೋದ, ಎಲ್ಲವ್ನೋ ಗೊತ್ತಿಲ್ಲ. ಉಡಚಮ್ಮ ಉಸಿರು ಹಿಡ್ಕೊಂಡು ಐದಾಳೆ. ಶಂಕ್ರಮ್ಮ ಹೋತ್ರಿ, ಮಾನೌಮಿ ಅಮಾಸೆಗೆ. ಹದಿನೇಳು ವರ್ಸ."

ಪಾಲಣ್ಣ ಅವತ್ತು ಏನು ಕೇಳಲು ಬಂದಿದ್ದ ಎಂದು ಅವರು ಕೇಳಿದರು.

"ನನ್ದೊಂದು ಹೆಸ್ರು ಹಾಕಿಸ್ಕೊಂಡು ಬರಾಕೆ ಹೋಗಿದ್ರು," ಎಂದಳು ದುರುಗಮ್ಮ. "ಗುಳಿಗೆ ನುಂಗ್ಸೋಳು ನೀನು, ಬರೆಯೋದು ನನ್ ಹೆಸ್ರಲ್ಲಿ, ಇದು ಸರಿಯಲ್ಲ, ಷಣ್ಮುಖಪ್ಪೋರು ಒಳ್ಳೇರು, ಹೇಳಿದ್ರೆ ಹಾಕ್ತಾರೆ ಅಂದ್ರು. ಬ್ಯಾಡ, ಮೈಯಾಗೆ ಸುಖ ಇಲ್ಲ ಅಂದೆ. ಕೇಳ್ಳಿಲ್ಲ."

ಷಣ್ಮುಖಪ್ಪನವರು ಯಂತ್ರದ ಮುಂದೆ ಕೂತರು. ದುರುಗಮ್ಮನ ಹೆಸರು ಹಾಕುತ್ತೇನೆ, ಈಗಲೇ, ನಾಲ್ಕೂ ಊರಿನಲ್ಲೂ, ಟ್ರಸ್ಟಿನವರು ಏನಾದರೂ ಅನ್ನಲಿ ಎಂದರು. ಅವಳು, ಮೊದಲು ಉಡಚಮ್ಮನಿಗೆ ಪೊಟ್ಟಣ ಬರಲಿ, ನನ್ನ ಹೆಸರು ಆಮೇಲೆ ಬಂದರೂ ನಡೆಯುತ್ತದೆ ಎಂದಳು. ಅದರಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಇದ್ದಿದ್ದರೆ ಅವರಿಗೆ ಅಷ್ಟು ನೋಯುತ್ತಿರಲಿಲ್ಲ. ಕಪಾಟಿನಲ್ಲಿ ತುರ್ತಿಗೆಂದಿಟ್ಟ ಗುಳಿಗೆಗಳನ್ನು ತಮ್ಮ ಸಹಿಯ ಮೇಲೆ ತೆಗೆಸಿ ಅವಳ ಕೈಗೆ ಕೊಟ್ಟರು, ತಾವೂ ಜೊತೆಗೆ ಬರುತ್ತೇನೆಂದರು. ಪೇಟೆಯ ಬೂಟು ಹಾಕಿಕೊಂಡು ಕಲ್ಲು ದಾರಿಯಲ್ಲಿ ಐದು ಮೈಲಿ ನಡೆಯುವಷ್ಟರಲ್ಲಿ ಎರಡೂ ಹಿಮ್ಮಡಿ ಬೊಬ್ಬೆ ಎದ್ದವು. ಅವಳು ಇದನ್ನು ದಿನಾ ನಡೆದಿದ್ದಳು, ಬೆಳಿಗ್ಗೆ ಎಂಟು ಹತ್ತಕ್ಕೆ ಕೂತು ಬರೆಯುವುದಕ್ಕಾಗಿ ಹಿಂದಿನ ಸಂಜೆಯೇ ಹೋಗಿ ಬರುತ್ತಿದ್ದಳು.

ಉಡಚಮ್ಮ ಗುಳಿಗೆ ನುಂಗಿದಳು. ಪಕ್ಕದ ಗುಡಿಸಲು ಶಂಕ್ರಮ್ಮನದು. ಅವಳ ತಾಯಿ ಚೌಡಕ್ಕ ಹೊರಗೆ ಬಂದಳು. ಇವರು ಚನ್ನಗಿರಿಯಿಂದ ಪೊಟ್ಟಣ ಕಳಿಸುವವರು ಎಂದಷ್ಟೇ ದುರುಗಮ್ಮ ಹೇಳಿದಳು. ಹೆಚ್ಚು ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ. ಚೌಡಕ್ಕ ಚೊಂಬಿನಲ್ಲಿ ನೀರು ತಂದು ಕೊಟ್ಟಳು. ಷಣ್ಮುಖಪ್ಪನವರು ನೀರು ಹಿಡಿದುಕೊಂಡು ನಿಂತರು, ಕುಡಿಯಲಾಗಲಿಲ್ಲ. ಹೇಳಿಬಿಡಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಆಕೆಯೇ ಕೇಳಿದಳು.

"ಆ ಮಿಷಿನ್ನಾಗೆ ನಮ್ಮುಡುಗಿ ಹೆಸ್ರು ಬರ್ದೈತೆ ಅಂತ ಪಾಲಣ್ಣ ಹೇಳ್ತಿದ್ದ. ಈಗ್ಲೂ ಐತೇನ್ರಿ?"

"ಐತೆ ತಾಯಿ."

"ನಾಕೂ ಊರಾಗೂ?"

"ನಾಕೂ ಊರಾಗೂ."

"ಹಂಗಾದ್ರೆ ತೆಗೀಬ್ಯಾಡ್ರಿ. ಅವ್ಳ ಹೆಸ್ರು ಬ್ಯಾರೆ ಎಲ್ಲೂ ಬರ್ದಿಲ್ಲ, ಸಾಲೀಗೆ ಸೈತ ಹಾಕಿರ್ಲಿಲ್ಲ," ಎಂದು ಚೌಡಕ್ಕ ಅವರ ಕೈಯಿಂದ ಚೊಂಬು ತೆಗೆದುಕೊಂಡು ಒಳಗೆ ಹೋದಳು.

ಟ್ರಸ್ಟಿನವರಿಗೆ ಅವರು ಎಲ್ಲವನ್ನೂ ಬರೆದು, ಕೆಲಸ ಬಿಡುವ ಕಾಗದವನ್ನೂ ಜೊತೆಗಿಟ್ಟು ಕಳಿಸಿದರು. ಟ್ರಸ್ಟಿನವರು ಕಾಗದ ವಾಪಸು ಮಾಡಿ, ಬೇರೆಯವರು ಸಿಗುವವರೆಗೆ ಇರಿ, ಈ ವಿಷಯ ಮತ್ತೆ ಎತ್ತಬೇಡಿ ಎಂದರು. ಬೈದು ಕಳಿಸಿದ್ದರೆ ಅವರು ಬದುಕಿಕೊಳ್ಳುತ್ತಿದ್ದರೋ ಏನೋ. ದುರುಗಮ್ಮನಿಗೆ ಕಾರ್ಯಕರ್ತೆಯ ನೇಮಕ ಸಿಕ್ಕಿತು, ಅಷ್ಟನ್ನು ಅವರು ಹಟ ಹಿಡಿದು ಮಾಡಿಸಿದರು. ಕಂಪ್ಯೂಟರ್ ಕೋಣೆಯ ಕದ ಆಮೇಲೆ ಯಾವ ಹೊತ್ತಿನಲ್ಲೂ ತೆರೆದೇ ಇರುತ್ತಿತ್ತು. ಯಾರು ಬಂದು ಕೂತರೂ ಕೈಯಲ್ಲಿದ್ದ ಕೆಲಸ ಬಿಟ್ಟು ಏನಪ್ಪ, ಏನಮ್ಮ ಎಂದು ಎದ್ದು ಬರುತ್ತಿದ್ದರು. ಜನ ಅವರನ್ನು ಬಹಳ ಮೆತ್ತಗಾದರು ಎಂದುಕೊಂಡರು. ಪಾಲಣ್ಣ ಮತ್ತೆಂದೂ ಬರಲಿಲ್ಲ. ಮೂರು ಗಂಟೆಗೆ ಅವರ ಅಂಗೈ ಈಗಲೂ ಬೆವರುತ್ತಿತ್ತು. ಸತ್ತವನು ಬರುತ್ತಾನೆಂದಲ್ಲ. ಬದುಕಿರುವ ಯಾರೋ ಎಲ್ಲೋ ಕೇಳುತ್ತಿದ್ದಾರೆ, ತನಗೆ ಅಚ್ಚಾಗಿ ಬರುತ್ತಿಲ್ಲ ಎಂದು.

ಎಂಬತ್ತೊಂಬತ್ತರ ಮಾರ್ಚಿನಲ್ಲಿ ತೀರಿಕೊಂಡ ರೋಗಿಗಳ ಹೆಸರನ್ನೆಲ್ಲ ತೆಗೆಯಿರಿ ಎಂದು ಆದೇಶ ಬಂತು. ನಾಲ್ಕೂ ಊರು ಸುತ್ತಿ ಹದಿನಾಲ್ಕು ಹೆಸರು ತೆಗೆದರು. ಒಂದನ್ನು ತೆಗೆಯಲಿಲ್ಲ. ಆ ವರ್ಷದ ಕೊನೆಯಲ್ಲಿ ಅವರ ಜಾಗಕ್ಕೆ ದಾವಣಗೆರೆಯ ಮಹೇಶ್ವರಪ್ಪ ಎನ್ನುವವರು ಬಂದರು, ಚುರುಕಿನ ಮನುಷ್ಯ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದರು. ಪಟ್ಟಿ ಒಪ್ಪಿಸಿಕೊಳ್ಳುವಾಗ ಒಂದು ಕಡೆ ಬೆರಳಿಟ್ಟು ನಿಂತರು.

"ಇದ್ಯಾರು ಸಾರ್, ಶಂಕ್ರಮ್ಮ, ಜಗಳೂರು? ಹೋದ ವರ್ಷದ ಜೂನ್ ಆದ್ಮೇಲೆ ಒಂದು ಗುಳಿಗೇನೂ ನುಂಗಿಲ್ಲ. ಬಿಟ್ಟೋದ್ರಾ? ತೆಗೆದುಬಿಡ್ಲಾ?"

ಷಣ್ಮುಖಪ್ಪನವರು ಬಾಗಿ ಆ ಸಾಲು ಓದಿದರು.

"ಆಕೆ ಬಿಟ್ಟೋಗ್ಲಿಲ್ಲಪ್ಪ," ಎಂದರು. "ಗುಳಿಗೆ ಬೇಕು ಅಂತ ಮೂರು ಸಲ ಕೇಳಿ ಕಳಿಸಿದ್ರು. ನಾನು ಓದಿ ಒಲೆಗೆ ಹಾಕ್ದೆ."

ಮಹೇಶ್ವರಪ್ಪ ಗುಂಡಿಯ ಮೇಲಿಂದ ಕೈ ತೆಗೆದರು. ಮುಂದಿನ ಹೆಸರು ಉಡಚಮ್ಮ, ಅದರ ಎದುರು ಹಿಂದಿನ ದಿನದ ತಾರೀಖಿತ್ತು.